‘ಇಲ್ಲ’ ಎನ್ನಲು ಇಟ್ಟಿದ್ದ ರಕ್ತ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ನಮ್ಮ ಆಸ್ಪತ್ರೆಯ ಅಧೀಕ್ಷಕರೇ, ಮುಖ್ಯ ಅತಿಥಿಗಳಾಗಿ ಬಂದು ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಎಷ್ಟೋ ಒಳ್ಳೆಯ ಸಂಗತಿಗಳನ್ನು ತಿಳಿಸಿಕೊಟ್ಟ ನಗರಸಭೆಯ ಆರೋಗ್ಯಾಧಿಕಾರಿಗಳೇ, ಪ್ರಯೋಗಾಲಯದ ನನ್ನ ಒಡನಾಡಿಗಳೇ, ವಾರ್ಡಿನಲ್ಲಿ ‘ಹತ್ತೇ ನಿಮಿಷ, ಬಂದ್ಬಿಡ್ತೀನಿ’ ಎಂದು ಹೇಳಿ ಒಂದು ಗಂಟೆಯಿಂದ ಇಲ್ಲೇ ಕುಳಿತಿರುವ ನರ್ಸಮ್ಮನವರೇ, ಎರಡನೇ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹಿಡಿದಿರುವ ನನ್ನ ಬಂಧುಬಳಗದವರೇ, ಮಾನ್ಯ ಸಭಿಕರೇ, ನಿಮ್ಮೆಲ್ಲರಿಗೂ ನನ್ನ ವಂದನೆಗಳು.

ನಿರೂಪಣೆ ಮಾಡುತ್ತಿರುವ ಎಕ್ಸ್‌ರೇ ವಿಭಾಗದವರು ಮೈಕು ಕೊಡುವಾಗ ನನ್ನ ಕಿವಿಯಲ್ಲಿ ‘ಐದೇ ನಿಮಿಷ ಮೇಡಂ’ ಎಂದರು. ಮೂವತ್ತೊಂದು ವರ್ಷದ ನೌಕರಿಗೆ ಐದು ನಿಮಿಷ ಎಂದರೆ ವರ್ಷಕ್ಕೆ ಹತ್ತು ಸೆಕೆಂಡೂ ಬೀಳುವುದಿಲ್ಲ. ಇರಲಿ. ‘ಉಸಿರು ಬಿಗಿ ಹಿಡೀರಿ’ ಎಂದು ಹೇಳಿ ಒಳಗೆ ಹೋದ ಎಕ್ಸ್‌ರೇಯವರು ಹೊರಗೆ ಯಾವಾಗ ಬರುತ್ತಾರೆಂದು ಇಷ್ಟು ವರ್ಷ ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? ಕೇಳಿಲ್ಲ. ಇವತ್ತು ಉಸಿರು ಬಿಗಿ ಹಿಡಿಯುವ ಸರದಿ ಅವರದು.

ಬಂದ ಕೂಡಲೇ ನನ್ನ ಕೈಗೆ ಇಷ್ಟು ದೊಡ್ಡ ಹೂಗುಚ್ಛ ಕೊಟ್ಟಿರಿ. ಅಲರ್ಜಿ ಪರೀಕ್ಷೆ ಮಾಡುವವಳಿಗೆ ಹೂವೇ ಎಂದು ಹಿಂದೆ ಯಾರೋ ನಕ್ಕದ್ದು ನನಗೆ ಕೇಳಿಸಿತು. ಗುಲಾಬಿಯನ್ನು ಸುಮ್ಮನೆ ದೂರಬೇಡಿ. ಗುಲಾಬಿಯ ಪರಾಗ ಭಾರ, ಅಂಟು. ಅದನ್ನು ಹೊತ್ತೊಯ್ಯಲು ಜೇನ್ನೊಣವೇ ಬರಬೇಕು. ನಮ್ಮ ಮೂಗು, ಕಣ್ಣು, ಎದೆಗೂಡನ್ನು ಕಾಡುವುದು ಅಂದವಾದ ಹೂಗಳಲ್ಲ. ಚರಂಡಿಯ ಅಂಚಿನಲ್ಲಿ, ಖಾಲಿ ನಿವೇಶನದಲ್ಲಿ, ರೈಲು ಹಳಿಯ ಪಕ್ಕದಲ್ಲಿ ತಾನಾಗಿ ಹುಟ್ಟಿ, ಯಾರ ಕಣ್ಣಿಗೂ ಬೀಳದೆ ಹೂ ಬಿಡುವ ಕಳೆಗಿಡಗಳು. ಅವುಗಳ ಪರಾಗ ಹುಡಿಗಿಂತ ಹಗುರ, ಗಾಳಿ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ನಾನು ಮಾಡಿಕೊಂಡು ಬಂದದ್ದು ಆ ಪರಾಗಕ್ಕೆ ಯಾರ ರಕ್ತ ಸಿಟ್ಟಾಗುತ್ತದೆ ಎಂದು ಪತ್ತೆ ಹಚ್ಚುವ ಕೆಲಸ.

ಹೂಗುಚ್ಛದ ಜೊತೆ ಒಂದು ಫಲಕವನ್ನೂ ಕೊಟ್ಟಿದ್ದೀರಿ. ‘ಒಂದೇ ಒಂದು ತಪ್ಪಿಲ್ಲದ ಮೂವತ್ತೊಂದು ವರ್ಷಗಳ ಸೇವೆಗೆ’ ಎಂದು ಅದರ ಮೇಲಿದೆ. ಕೆತ್ತಿದವರು ಅಚ್ಚುಕಟ್ಟಾಗಿ ಕೆತ್ತಿದ್ದಾರೆ, ಅಕ್ಷರಗಳಲ್ಲಿ ತಪ್ಪಿಲ್ಲ. ವಿಷಯದಲ್ಲಿ ತಪ್ಪಿದೆ. ನಾನು ಮಾಡಿದ ಒಂದು ತಪ್ಪು ಆರೂವರೆ ವರ್ಷ ಈ ಆಸ್ಪತ್ರೆಯಲ್ಲಿ ದಿನಾ ನಡೆದಿದೆ. ಅದನ್ನು ಹೇಳುವುದಕ್ಕೇ ನಾನಿಲ್ಲಿ ನಿಂತಿರುವುದು. ಗಾಬರಿಯಾಗಬೇಡಿ, ನಾನು ಅಳುವವಳಲ್ಲ. ನನ್ನ ಕೈ ನಡುಗಿದ್ದನ್ನು ಈ ಆಸ್ಪತ್ರೆಯಲ್ಲಿ ಯಾರೂ ನೋಡಿಲ್ಲ, ಇವತ್ತೂ ನೋಡುವುದಿಲ್ಲ.

ಮೊದಲು ಈ ಪರೀಕ್ಷೆಯ ಬಗ್ಗೆ ಎರಡು ಮಾತು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ಲೇಟು. ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಗುಳಿಯ ತಳಕ್ಕೆ ಕಳೆಗಿಡದ ಪರಾಗದ ಸತ್ವವನ್ನು ಅಂಟಿಸಿರುತ್ತಾರೆ. ಈ ಸಾಲಿಗೆ ಪಾರ್ಥೇನಿಯಂ, ಆ ಸಾಲಿಗೆ ಮುಳ್ಳುಹರಿವೆ, ದೂಳಿಗೆ, ಬೆಕ್ಕಿನ ಕೂದಲಿಗೆ ಬೇರೆ ಸಾಲು, ಹೀಗೆ. ನಿಮ್ಮ ತೋಳಿನಿಂದ ತೆಗೆದ ರಕ್ತ ಹೆಪ್ಪುಗಟ್ಟಿದ ನಂತರ ಮೇಲೆ ಒಂದು ತಿಳಿ ನಿಲ್ಲುತ್ತದೆ. ಅದಕ್ಕೆ ನಾವು ಸೀರಂ ಎನ್ನುತ್ತೇವೆ. ಅದನ್ನು ಹನಿ ಹನಿಯಾಗಿ ಈ ಗುಳಿಗಳಿಗೆ ಬಿಡುತ್ತೇವೆ. ನಿಮ್ಮ ರಕ್ತಕ್ಕೆ ಆ ಪರಾಗ ಆಗದಿದ್ದರೆ ಅದು ಹೋಗಿ ಪರಾಗವನ್ನು ಹಿಡಿದುಕೊಳ್ಳುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಆಮೇಲೆ ಬಣ್ಣ ಬರಿಸುವ ದ್ರವ ಹಾಕಿದರೆ ಗುಳಿ ಮೊದಲು ನೀಲಿಯಾಗಿ, ಕೊನೆಯ ಆಮ್ಲದ ಹನಿ ಬಿದ್ದಾಗ ಹಳದಿಯಾಗುತ್ತದೆ. ಹಳದಿ ಬಂದರೆ ಅಲರ್ಜಿ ಇದೆ, ಬರದಿದ್ದರೆ ಇಲ್ಲ.

ಆದರೆ ಎಷ್ಟು ಹಳದಿ ಬಂದರೆ ಹಳದಿ? ತುಸು ಮಬ್ಬು ಬಣ್ಣ ಎಲ್ಲ ಗುಳಿಯಲ್ಲೂ ಬಂದೇ ಬರುತ್ತದೆ. ಅದಕ್ಕಾಗಿ ಪ್ರತಿ ಸಾಲಿನ ಮೊದಲ ಗುಳಿಗೆ ಯಾವ ಅಲರ್ಜಿಯೂ ಇಲ್ಲದವರ ಸೀರಂ ಹಾಕಬೇಕು. ಆ ಗುಳಿಯ ಬಣ್ಣವೇ ಸೊನ್ನೆ. ಯಂತ್ರ ಅದನ್ನು ನೋಡಿಕೊಂಡು, ಅದಕ್ಕಿಂತ ಇಂತಿಷ್ಟು ಪಟ್ಟು ಹೆಚ್ಚು ಬಣ್ಣ ಬಂದವರಿಗೆ ‘ಇದೆ’ ಎನ್ನುತ್ತದೆ, ಉಳಿದವರಿಗೆ ‘ಇಲ್ಲ’ ಎನ್ನುತ್ತದೆ. ಇಷ್ಟು ತಿಳಿದರೆ ಸಾಕು, ಮುಂದಿನದೆಲ್ಲ ನಿಮಗೆ ಅರ್ಥವಾಗುತ್ತದೆ.

ಈ ಸೊನ್ನೆಯ ಸೀರಂ ಕಂಪನಿಯಿಂದ ಪುಟ್ಟ ಬಾಟಲಿಯಲ್ಲಿ ಬರುತ್ತಿತ್ತು. ತಿಂಗಳ ಅರ್ಧಕ್ಕೇ ಮುಗಿದುಹೋಗುತ್ತಿತ್ತು. ಆಗ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದವರನ್ನು ನಾವು ಮೇಷ್ಟ್ರು ಎನ್ನುತ್ತಿದ್ದೆವು. ಅವರು ಒಂದು ದಾರಿ ಕಂಡುಕೊಂಡರು. ನಮ್ಮ ಹನ್ನೊಂದು ಜನರನ್ನೂ ಸಾಲಾಗಿ ಕೂರಿಸಿ ರಕ್ತ ತೆಗೆದು ಪರೀಕ್ಷೆ ಮಾಡಿದರು. ಒಬ್ಬರಿಗೆ ದೂಳು ಆಗದು, ಒಬ್ಬರಿಗೆ ಬೆಕ್ಕು ಆಗದು, ಮೇಷ್ಟ್ರಿಗೆ ಸ್ವತಃ ನಾಲ್ಕು ಬಗೆಯ ಕಳೆ ಆಗದು. ಹನ್ನೊಂದು ಜನರಲ್ಲಿ ಒಂದೇ ಒಂದು ಸಾಲು ನೀರಿನ ಹಾಗೆ ತಿಳಿಯಾಗಿತ್ತು. ‘ನೋಡಮ್ಮ, ನಿನ್ನ ರಕ್ತಕ್ಕೆ ಯಾರ ಮೇಲೂ ಜಗಳ ಇಲ್ಲ’ ಎಂದರು ಮೇಷ್ಟ್ರು. ನಮ್ಮ ಯಜಮಾನರು ಎರಡನೇ ಸಾಲಿನಲ್ಲಿ ತಲೆ ಅಲ್ಲಾಡಿಸುತ್ತಿದ್ದಾರೆ. ರಕ್ತದ ಮಾತು ಹೇಳುತ್ತಿದ್ದೇನೆ ರೀ, ಬಾಯಿಯ ಮಾತಲ್ಲ.

ಅಂದಿನಿಂದ ಆರು ತಿಂಗಳಿಗೊಮ್ಮೆ ನಾನು ತೋಳು ಚಾಚಿದೆ. ನನ್ನ ಸೀರಂ ಪುಟ್ಟ ಪುಟ್ಟ ಶೀಶೆಗಳಲ್ಲಿ ಫ್ರೀಜರು ಸೇರಿತು. ಶೀಶೆಯ ಚೀಟಿಯ ಮೇಲೆ ಏನು ಬರೆಯುವುದು? ಎಲ್ಲರೂ ನನ್ನನ್ನು ಕರೆಯುವುದು ಅಕ್ಕ ಎಂದು, ಹಾಗಾಗಿ ‘ಅಕ್ಕ’ ಎಂದೇ ಬರೆದರು, ಪಕ್ಕದಲ್ಲಿ ತಾರೀಖು. ಬೆಳಗ್ಗೆ ನಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದ ಹೊಸಬರು ಒಳಗಿನ ಮಾತು ಕೇಳಿ ಬೆಚ್ಚಿಬೀಳುತ್ತಿದ್ದರು. ‘ಅಕ್ಕನ್ನ ಫ್ರೀಜರಿಂದ ತೆಗೆದ್ರಾ?’ ‘ತೆಗೆದಿದೀನಿ, ಕರಗ್ತಾ ಇದಾರೆ.’ ‘ಎಷ್ಟು ಹಾಕ್ಲಿ ಅಕ್ಕನ್ನ?’ ‘ಒಂದೊಂದು ಗುಳಿಗೆ ಒಂದೊಂದು ಹನಿ ಸಾಕು.’ ನಾನು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿರುತ್ತಿದ್ದೆ. ಮೇಷ್ಟ್ರು ಇನ್ನೊಂದು ನಿಯಮವನ್ನೂ ಮಾಡಿದ್ದರು: ಪ್ರತಿ ಸಲ ತೆಗೆದ ಸೀರಂನಲ್ಲಿ ಒಂದು ಶೀಶೆಯನ್ನು ಬಳಸದೆ ಹಾಗೇ ಇಡಬೇಕು.

ಈಗ ಒಂದು ಸತ್ಯ ಹೇಳುತ್ತೇನೆ. ನನಗೆ ಅದರ ಬಗ್ಗೆ ಬಹಳ ಹೆಮ್ಮೆ ಇತ್ತು. ನಮ್ಮ ಮನೆಯಲ್ಲಿ ನಾನು ಅಂಥ ವಿಶೇಷದವಳೇನೂ ಅಲ್ಲ. ನನ್ನ ಅಡಿಗೆ ಸುಮಾರು, ನನ್ನ ಬಣ್ಣ ಸುಮಾರು, ಓದು ಕೂಡ ಸುಮಾರು. ಆದರೆ ಈ ಊರಿನಲ್ಲಿ ಯಾರು ಸೀನಿದರೂ ಅವರನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ ಅಳೆಯಬೇಕಿತ್ತು. ಈ ಊರಿನ ‘ಇಲ್ಲ’ ಎಂದರೆ ನಾನು. ಅಷ್ಟು ದೊಡ್ಡ ಪದವಿ ಯಾವ ಅಧೀಕ್ಷಕರಿಗೂ ಸಿಕ್ಕಿಲ್ಲ, ಅವರು ಕ್ಷಮಿಸಬೇಕು.

ಎಂಟು ವರ್ಷದ ಹಿಂದೆ ನಾವು ಮನೆ ಬದಲಾಯಿಸಿದೆವು. ಹೊಸ ಮನೆ ಚೆನ್ನಾಗಿಯೇ ಇತ್ತು, ಎರಡು ಕೋಣೆ, ಅಡಿಗೆಮನೆಗೆ ದೊಡ್ಡ ಕಿಟಕಿ. ಕಿಟಕಿ ತೆರೆದರೆ ಗೂಡ್ಸ್ ರೈಲು ನಿಲ್ಲುವ ಬಯಲು. ಬಯಲಿನ ತುಂಬ ಎದೆಯೆತ್ತರದ ಪಾರ್ಥೇನಿಯಂ. ನಾನು ನೋಡಲಿಲ್ಲವೇ? ನೋಡಿದೆ. ‘ಎಷ್ಟು ಹಸಿರಾಗಿದೆ’ ಎಂದು ಯಜಮಾನರಿಗೆ ಹೇಳಿದೆ. ಅಷ್ಟು ಹೊತ್ತಿಗಾಗಲೇ ಹದಿನಾಲ್ಕು ವರ್ಷ ಕಳೆಯ ಪರಾಗವನ್ನೇ ಕೈಯಲ್ಲಿ ಹಿಡಿದವಳು ಕಳೆಯನ್ನು ಕಿಟಕಿಯಲ್ಲಿ ನೋಡಿ ಹಸಿರು ಎಂದಳು. ಮರುವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಹತ್ತು, ಹನ್ನೆರಡು ಸೀನು. ಕಣ್ಣು ಕೆಂಪು. ಹಳೆಯ ಮನೆಯ ಹಾಸಿಗೆಯ ದೂಳು ಎಂದುಕೊಂಡೆ. ಹಾಸಿಗೆ ಬದಲಾಯಿಸಿದೆ. ವಯಸ್ಸಾದ ಮೇಲೆ ಶೀತ ಬೇಗ ಹಿಡಿಯುತ್ತದೆ ಎಂದುಕೊಂಡೆ. ದಿನಾ ಬೆಳಗ್ಗೆ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಬಂದೆ.

ನೀವು ಕೇಳಬಹುದು, ಪರೀಕ್ಷೆ ಮಾಡಿಸಿಕೊಳ್ಳಬಾರದಿತ್ತೇ ಎಂದು. ಮಾಡಿಸಿಕೊಂಡೆ! ಅದೇ ತಮಾಷೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಪ್ಲೇಟಿನ ಪಾರ್ಥೇನಿಯಂ ಸಾಲಿನಲ್ಲಿ ಒಂದು ಗುಳಿ ಖಾಲಿ ಉಳಿದಿತ್ತು. ನನ್ನ ತೋಳಿಗೆ ನಾನೇ ರಬ್ಬರ್ ಪಟ್ಟಿ ಕಟ್ಟಿಕೊಂಡು, ನಾನೇ ಸೂಜಿ ಹಾಕಿಕೊಂಡು, ನನ್ನ ಸೀರಂ ಆ ಗುಳಿಗೆ ಬಿಟ್ಟೆ. ಅದೇ ಸಾಲಿನ ಮೊದಲ ಗುಳಿಯಲ್ಲಿ ಸೊನ್ನೆ ಎಂದು ಇದ್ದದ್ದು ಯಾರು? ನಾನೇ. ನನ್ನನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿ ಅಳೆದೆ. ನನಗೂ ನನಗೂ ಎಷ್ಟು ವ್ಯತ್ಯಾಸ ಬಂದೀತು? ಯಂತ್ರ ‘ಇಲ್ಲ’ ಎಂದಿತು. ನಾನು ಸಮಾಧಾನದಿಂದ ಮನೆಗೆ ಹೋಗಿ ಅಡಿಗೆಮನೆಯ ಕಿಟಕಿ ತೆರೆದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತು ಎನ್ನುತ್ತಾರಲ್ಲ, ಆ ಹಲ್ಲಿಯ ಗತಿ ನನ್ನದೂ ಆಯಿತು.

ನಗಿ, ಪರವಾಗಿಲ್ಲ. ನಾನೊಬ್ಬಳೇ ಬಚ್ಚಲಿಗೆ ಬಿದ್ದಿದ್ದರೆ ನಾನೂ ನಿಮ್ಮ ಜೊತೆ ನಗುತ್ತಿದ್ದೆ.

ನನಗೊಬ್ಬ ತಮ್ಮನಿದ್ದಾನೆ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿ ನನ್ನ ಸೊಂಟ ಒಂದು ಕಡೆಗೆ ವಾಲಿದೆ ಎಂದು ಅಮ್ಮ ಹೇಳುತ್ತಿದ್ದಳು. ಅವನು ರೈಲ್ವೆಯಲ್ಲಿ ಹಳಿಯ ಪಕ್ಕದ ಗಿಡಗಂಟಿ ಕೀಳುವ ತಂಡದಲ್ಲಿದ್ದಾನೆ. ದಿನಕ್ಕೆ ಎರಡು ಕಿಲೋಮೀಟರು, ಬಗ್ಗಿ ಬಗ್ಗಿ, ಕಳೆ ಹೂ ಬಿಟ್ಟಿರಲಿ ಬಿಡದಿರಲಿ. ಕಳೆ ಹೂ ಬಿಡುವ ಎರಡು ತಿಂಗಳು ಅವನ ಕಣ್ಣು ಊದಿ ಮುಚ್ಚಿಕೊಳ್ಳುತ್ತಿತ್ತು, ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು ಬರುತ್ತಿತ್ತು. ಐದು ವರ್ಷದ ಹಿಂದೆ ಅವನು ತನ್ನನ್ನು ಉಗ್ರಾಣದ ಕೆಲಸಕ್ಕೆ ಹಾಕಿ ಎಂದು ಅರ್ಜಿ ಕೊಟ್ಟ. ಅಲ್ಲಿನ ಡಾಕ್ಟರು ರಕ್ತಪರೀಕ್ಷೆಯ ವರದಿ ತಾ ಎಂದರು. ಅವನು ಎಲ್ಲಿಗೆ ಹೋಗುತ್ತಾನೆ? ಅಕ್ಕನ ಹತ್ತಿರ ಬಂದ.

ನಾನೇ ರಕ್ತ ತೆಗೆದೆ. ನಾನೇ ಪರೀಕ್ಷೆ ಮಾಡಿದೆ. ಪಾರ್ಥೇನಿಯಂ: ಇಲ್ಲ. ಮುಳ್ಳುಹರಿವೆ: ಇಲ್ಲ. ಕೆಳಗೆ ನನ್ನ ಸಹಿ. ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಕ್ಕ, ಇನ್ನೊಂದ್ಸಲ ನೋಡ್ತೀಯಾ?’ ಎಂದ. ನಾನು ‘ಎಷ್ಟ್ ಸಲ ನೋಡಿದ್ರೂ ಅಷ್ಟೇ ಕಣೋ. ರಕ್ತ ಸುಳ್ಳು ಹೇಳಲ್ಲ’ ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮುಂದಿನ ಭಾನುವಾರ ಅಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದೆವು. ಈ ಎರಡನೇ ಸಾಲಿನವರೆಲ್ಲ ಅಲ್ಲಿದ್ದಿರಿ. ಅವನ ಅರ್ಜಿ ಏನಾಯಿತು ಎಂದು ಯಾರೋ ಕೇಳಿದರು. ಅವನು ಉತ್ತರ ಹೇಳುವ ಮೊದಲೇ ನಾನು, ‘ಅವನಿಗೇನೂ ಇಲ್ಲ, ನಾನೇ ನೋಡಿದೀನಿ’ ಎಂದೆ. ನಮ್ಮ ಯಜಮಾನರು, ‘ಇದೆ, ಇದೆ. ಕೆಲಸ ಅಂದ್ರೆ ಅಲರ್ಜಿ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರನ್ನು ಬೈಯಬೇಡಿ, ಅವರು ಹೇಳಿದ್ದು ಹಾಸ್ಯಕ್ಕೆ, ಆ ಹಾಸ್ಯಕ್ಕೆ ಆಧಾರ ಒದಗಿಸಿದ್ದು ನಾನು. ತಮ್ಮ ಇನ್ನೆರಡು ತುತ್ತು ತಿಂದು ಕೈ ತೊಳೆಯಲು ಎದ್ದ. ಅಮ್ಮ ಮಾತ್ರ ನಗಲಿಲ್ಲ. ಅವಳು ಓದಿದ್ದು ನಾಲ್ಕನೇ ಕ್ಲಾಸು. ‘ಇಬ್ರೂ ಒಂದೇ ಥರ ಸೀನ್ತೀರಲ್ಲೇ, ನೀನೂ ಅವ್ನೂ’ ಎಂದಳು. ನಾನು ಅವಳಿಗೆ ಶೀತಕ್ಕೂ ಅಲರ್ಜಿಗೂ ಇರುವ ವ್ಯತ್ಯಾಸವನ್ನು ಹತ್ತು ನಿಮಿಷ ವಿವರಿಸಿದೆ. ಅಮ್ಮ ಈಗಿಲ್ಲ. ಆ ಹತ್ತು ನಿಮಿಷವನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಅವನ ಅರ್ಜಿ ತಿರಸ್ಕಾರವಾಯಿತು. ಐದು ವರ್ಷದಿಂದ ಅವನು ಹಳಿಯ ಪಕ್ಕದಲ್ಲೇ ಇದ್ದಾನೆ. ಎರಡು ಸಲ ಉಸಿರು ಕಟ್ಟಿ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದ. ಅವನ ಕೇಸ್ ಶೀಟಿನಲ್ಲಿ ಡಾಕ್ಟರು ಬರೆದದ್ದನ್ನು ನಾನು ಓದಿದ್ದೇನೆ: ‘ಕಾರಣ ಸ್ಪಷ್ಟವಿಲ್ಲ. ಕಳೆ ಪರಾಗದ ಅಲರ್ಜಿ ಇಲ್ಲ.’ ಆ ‘ಇಲ್ಲ’ ಎಲ್ಲಿಂದ ಬಂತು? ಕೆಳಗಿನ ಮಹಡಿಯಿಂದ, ನನ್ನಿಂದ. ನಾನು ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಮೇಲೆ ಹೋಗುತ್ತಿದ್ದೆ. ಅವನ ಹೆಂಡತಿ ಫ್ಲಾಸ್ಕು ತೆಗೆದುಕೊಂಡು, ‘ನಿಮ್ಮ ಮಷೀನ್ ಒಂದಿನ ನಮ್ಮನೇಲಿ ಇದ್ದು ಇವರ ಉಸಿರು ಕೇಳಿಸ್ಕೊಳ್ಲಿ ಅತ್ತಿಗೆ’ ಎಂದಳು. ಆಮೇಲೆ ಅವಳು ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ನನಗೆ ಸಿಟ್ಟು ಬಂತು. ವಿಜ್ಞಾನ ಗೊತ್ತಿಲ್ಲದವರ ಜೊತೆ ಏನು ಮಾತು ಎಂದುಕೊಂಡೆ.

ಸಭಿಕರೇ, ಮೂರು ವಾರದ ಹಿಂದಿನ ಮಾತು. ನಾನು ನಿವೃತ್ತಳಾದ ಮೇಲೆ ‘ಅಕ್ಕ’ ಎಲ್ಲಿಂದ ಬರಬೇಕು? ನನ್ನ ಜಾಗಕ್ಕೆ ಬರುತ್ತಿರುವ ಟೆಕ್ನಿಷಿಯನ್ ಕಂಪನಿಯ ಸೊನ್ನೆ ಬಾಟಲಿಗಳನ್ನೇ ತರಿಸಿದರು. ಹದಿನಾಲ್ಕು ವರ್ಷದ ಅನುಭವ ಇರುವವರು, ನಿಧಾನಸ್ಥರು. ಹಳೆಯದನ್ನೂ ಹೊಸದನ್ನೂ ಒಂದೇ ಪ್ಲೇಟಿನಲ್ಲಿ ಹಾಕಿ ಹೋಲಿಸಿ ನೋಡಿದರು. ನಾನು ಬೀರು ಖಾಲಿ ಮಾಡುತ್ತಿದ್ದೆ. ಅವರು ಬಂದು ಮೆಲ್ಲಗೆ, ‘ಮೇಡಂ, ಕಂಪನೀದು ತಿಳಿಯಾಗಿದೆ. ಅಕ್ಕ ಹಳದಿ ಬಂದಿದಾರೆ’ ಎಂದರು.

‘ಸರಿಯಾಗಿ ತೊಳೆದಿಲ್ಲ ನೀವು’ ಎಂದೆ. ಅವರು ಮತ್ತೆ ತೊಳೆದು ಮತ್ತೆ ಮಾಡಿದರು. ಹಳದಿ. ‘ಸರೀರಿ ಪಕ್ಕಕ್ಕೆ’ ಎಂದು ನಾನೇ ಕುಳಿತೆ. ಹಳದಿ. ಬೇರೆ ಅಲರ್ಜಿಗಳಿಗೆ ನನ್ನ ರಕ್ತ ಇವತ್ತಿಗೂ ತಿಳಿ. ಆದರೆ ಪಾರ್ಥೇನಿಯಂ ಮತ್ತು ಮುಳ್ಳುಹರಿವೆಯ ಸಾಲಿನಲ್ಲಿ ಅಕ್ಕ ಚೆನ್ನಾಗಿ, ಯಾರೂ ಅನುಮಾನ ಪಡಬೇಕಾಗಿಲ್ಲದ ಹಾಗೆ, ಹಳದಿ.

ಮೇಷ್ಟ್ರು ಇಡಿಸಿದ್ದ ಹಳೆಯ ಶೀಶೆಗಳನ್ನು ತೆಗೆದೆ. ನಮ್ಮ ಫ್ರೀಜರಿನ ಬಾಗಿಲು ಮೊಣಕಾಲಿನಿಂದ ಒತ್ತಿದರೆ ಮಾತ್ರ ಮುಚ್ಚುತ್ತದೆ. ಅವತ್ತು ಎಷ್ಟು ಸಲ ತೆರೆದು ಮುಚ್ಚಿದೆನೆಂದರೆ ಮೊಣಕಾಲು ಕಂದಿಹೋಯಿತು. ತಾರೀಖಿನ ಪ್ರಕಾರ ಸಾಲಾಗಿ ಹಾಕಿದೆ. ಹಳೆಯ ಮನೆಯ ಅಕ್ಕ ತಿಳಿ, ತಿಳಿ, ತಿಳಿ. ಆರೂವರೆ ವರ್ಷದ ಹಿಂದಿನ ಶೀಶೆಯಿಂದ ಶುರುವಾಗಿ ಆರು ತಿಂಗಳಿಗೊಂದು ಹೆಜ್ಜೆ ಹಳದಿ ಏರಿದೆ. ಸೊನ್ನೆಯೇ ಮೇಲೆ ಹತ್ತಿ ಕೂತರೆ ಏನಾಗುತ್ತದೆ? ತೀರಾ ಗಾಢವಾದ ಹಳದಿಯವರು ಮಾತ್ರ ನನ್ನನ್ನು ದಾಟಿ ‘ಇದೆ’ ಎನ್ನಿಸಿಕೊಂಡರು. ಉಳಿದವರೆಲ್ಲ ನನ್ನ ಪಕ್ಕದಲ್ಲಿ ನಿಂತು ಬಿಳುಪಾಗಿ ಕಂಡರು. ವರ್ಷಕ್ಕೊಮ್ಮೆ ಹೊರಗಿನಿಂದ ನಮ್ಮನ್ನು ಪರೀಕ್ಷಿಸಲು ಬರುತ್ತಿದ್ದ ಮಾದರಿಯೂ ಗಾಢ ಹಳದಿಯದೇ, ಹಾಗಾಗಿ ಅದರಲ್ಲಿಯೂ ಪಾಸಾದೆವು. ಸೊನ್ನೆಯ ಗುಳಿಯ ಅಂಕಿ ಏರುತ್ತಿರುವುದನ್ನು ನಾನು ನೋಡಲಿಲ್ಲವೇ? ನೋಡಿದೆ. ಯಂತ್ರ ಬಣ್ಣ ಅಳೆಯುವ ದೀಪ ಹಳೆಯದಾಗಿದೆ ಎಂದು ಹೇಳಿ ಎರಡು ಸಲ ಹೊಸ ದೀಪ ಹಾಕಿಸಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ದೀಪವನ್ನು ಅನುಮಾನಿಸಿದೆ, ಯಂತ್ರವನ್ನು ಅನುಮಾನಿಸಿದೆ, ತಮ್ಮನನ್ನು ಅನುಮಾನಿಸಿದೆ. ನನ್ನನ್ನು ಬಿಟ್ಟು ಎಲ್ಲರನ್ನೂ ಅನುಮಾನಿಸಿದೆ.

ಈ ಆರೂವರೆ ವರ್ಷದಲ್ಲಿ ಕಳೆ ಪರಾಗಕ್ಕೆ ‘ಇಲ್ಲ’ ಎಂದು ನಾನು ಸಹಿ ಮಾಡಿ ಕೊಟ್ಟ ವರದಿಗಳು ಮುನ್ನೂರ ಹದಿನೇಳು. ಎಲ್ಲವೂ ತಪ್ಪು ಎಂದಲ್ಲ. ಎಷ್ಟು ತಪ್ಪು ಎಂಬುದು ಅವರನ್ನು ಮತ್ತೆ ಕರೆದು ನೋಡಿದರೆ ಮಾತ್ರ ತಿಳಿಯುತ್ತದೆ.

ಮೊದಲು ತಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ‘ಇನ್ನೊಂದ್ಸಲ ರಕ್ತ ಬೇಕು’ ಎಂದೆ. ಅವನು ತೋಳು ಚಾಚಿದ. ಅವನ ತೋಳಿನಲ್ಲಿ ನರ ಸಿಗುವುದು ಸುಲಭ, ಚಿಕ್ಕಂದಿನಿಂದಲೂ. ಫಲಿತಾಂಶ ಬಂತು. ಪಾರ್ಥೇನಿಯಂ: ಇದೆ. ಮುಳ್ಳುಹರಿವೆ: ಇದೆ. ಐದು ವರ್ಷದ ಹಿಂದಿನ ಅವನ ಅಂಕಿಯನ್ನು ಹಳೆಯ ಪುಸ್ತಕದಲ್ಲಿ ಹುಡುಕಿ ತೆಗೆದು ಸರಿಯಾದ ಸೊನ್ನೆಯ ಜೊತೆ ಹೋಲಿಸಿದೆ. ಆಗಲೂ ಇತ್ತು. ಮತ್ತೆ ಹೋದೆ. ಅವನು ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ‘ನಿಂಗೆ ಅಲರ್ಜಿ ಇದೆ ಕಣೋ, ಮೊದ್ಲಿಂದ್ಲೂ ಇತ್ತು’ ಎಂದೆ. ಅವನು ತಲೆ ಎತ್ತಲಿಲ್ಲ. ‘ನಂಗ್ಯಾಕಕ್ಕ ಹೇಳ್ತೀಯ? ನಂಗೆ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳು’ ಎಂದ.

ಅದಕ್ಕೇ ಎರಡನೇ ಸಾಲಿನವರೇ, ಒಬ್ಬರೂ ತಪ್ಪಿಸಿಕೊಳ್ಳದ ಹಾಗೆ ನಿಮ್ಮನ್ನೆಲ್ಲ ಮನೆ ಮನೆಗೆ ಬಂದು ಕರೆದದ್ದು. ನಿಮಗೆ ಗೊತ್ತಿಲ್ಲ, ಹೇಳುತ್ತಿದ್ದೇನೆ. ನನ್ನ ತಮ್ಮ ಕೆಲಸಗಳ್ಳನಲ್ಲ. ಅವನು ಒಂದು ದಿನವೂ ನಾಟಕ ಆಡಿಲ್ಲ. ಅವನು ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಆ ಊಟದ ದಿನ ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವನು ಇವತ್ತು ಈ ಸಭೆಗೆ ಬಂದಿಲ್ಲ. ಮುನಿಸಿನಿಂದ ಅಲ್ಲ. ಇದು ಕಳೆ ಹೂ ಬಿಡುವ ಕಾಲ, ಅವನಿಗೆ ರಜೆ ಸಿಗಲಿಲ್ಲ. ನಾನು ಇಲ್ಲಿ ಮೈಕಿನ ಮುಂದೆ ನಿಂತಿರುವ ಹೊತ್ತಿನಲ್ಲಿ ಅವನು ಹಳಿಯ ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಪಾರ್ಥೇನಿಯಂ ಕೀಳುತ್ತಿದ್ದಾನೆ. ಇನ್ನೊಂದು ವರ್ಷ ಅಲ್ಲೇ ಇದ್ದರೆ ಆ ಶ್ವಾಸಕೋಶ ತಡೆಯುವುದಿಲ್ಲ ಎಂದು ಮೂರನೇ ಮಹಡಿಯ ಡಾಕ್ಟರು ಹೇಳಿದ್ದಾರೆ.

ಅಧ್ಯಕ್ಷರೇ, ಹೋದ ವಾರ ನಾನು ಇದನ್ನೆಲ್ಲ ಬರೆದು ನಿಮ್ಮ ಕೈಗೆ ಕೊಟ್ಟೆ. ನೀವು ಓದಿದಿರಿ. ‘ಫಂಕ್ಷನ್ ಮುಗೀಲಿ ಮೇಡಂ. ಮೂವತ್ತೊಂದು ವರ್ಷದ ಹೆಸರನ್ನ ಕೊನೇ ದಿನ ಯಾಕೆ ಕೆಡಿಸ್ಕೋತೀರಿ? ಆಮೇಲೆ ನಿಧಾನಕ್ಕೆ ನೋಡೋಣ’ ಎಂದಿರಿ. ನೀವು ಪ್ರೀತಿಯಿಂದಲೇ ಹೇಳಿದಿರಿ, ನನಗೆ ಗೊತ್ತು. ಆದರೆ ನಮ್ಮ ಆಸ್ಪತ್ರೆಯ ನಿಯಮ ನಿಮಗೂ ಗೊತ್ತು. ಕೊಟ್ಟ ವರದಿಯನ್ನು ತಿದ್ದಬೇಕಾದರೆ ಅದನ್ನು ಕೊಟ್ಟ ಟೆಕ್ನಿಷಿಯನ್ ಸಹಿ ಬೇಕು, ಅದೇ ದಿನ ಅದರ ಪಕ್ಕದಲ್ಲಿ ಅಧೀಕ್ಷಕರ ಸಹಿ ಬೇಕು. ನನ್ನ ಸಹಿಗೆ ಬೆಲೆ ಇರುವುದು ಇವತ್ತು ಸಂಜೆ ಐದರವರೆಗೆ. ಆಮೇಲೆ ನಾನು ನಿವೃತ್ತ ಗೃಹಿಣಿ. ನನ್ನ ಸಹಿ ಹಾಲಿನವನ ಚೀಟಿಗೆ ಮಾತ್ರ ನಡೆಯುತ್ತದೆ. ಐದು ದಾಟಿದರೆ ಸಮಿತಿ ಆಗಬೇಕು. ಸಮಿತಿ ಕೂತು ಎದ್ದು ಟೀ ಕುಡಿಯುವಷ್ಟರಲ್ಲಿ ಇನ್ನೆರಡು ಸಲ ಕಳೆ ಹೂ ಬಿಟ್ಟಿರುತ್ತದೆ.

ಈ ಗೋಡೆ ಗಡಿಯಾರದಲ್ಲಿ ಈಗ ನಾಲ್ಕು ಗಂಟೆ ಮೂವತ್ತೆಂಟು ನಿಮಿಷ.

ನನ್ನ ಹೆಸರಿನ ಚಿಂತೆ ಬೇಡ, ಅಧ್ಯಕ್ಷರೇ. ಮೂವತ್ತೊಂದು ವರ್ಷದಲ್ಲಿ ನಾನು ಲಕ್ಷಕ್ಕೂ ಮೀರಿ ರಕ್ತ ತೆಗೆದಿದ್ದೇನೆ. ಅತ್ತ ಮಕ್ಕಳೆಷ್ಟೋ ಲೆಕ್ಕವಿಲ್ಲ, ಎರಡನೇ ಸಲ ಚುಚ್ಚಿಸಿಕೊಂಡವರು ಬೆರಳೆಣಿಕೆ. ಅದು ನನ್ನ ಕೆಲಸ, ಅದು ಎಲ್ಲಿಗೂ ಹೋಗುವುದಿಲ್ಲ. ತಪ್ಪನ್ನು ಕಂಡುಹಿಡಿದದ್ದೂ ನಮ್ಮದೇ ಪ್ರಯೋಗಾಲಯ. ನನ್ನ ಜಾಗಕ್ಕೆ ಬರುತ್ತಿರುವವರಿಗೆ ಈ ಸಭೆಯ ಮುಂದೆ ನನ್ನ ಕೃತಜ್ಞತೆ ಹೇಳುತ್ತೇನೆ. ‘ಸರೀರಿ ಪಕ್ಕಕ್ಕೆ’ ಎಂದದ್ದಕ್ಕೆ ಕ್ಷಮೆಯನ್ನೂ ಕೇಳುತ್ತೇನೆ. ಇನ್ನು ಮುಂದೆ ಅಲ್ಲಿ ಯಾರ ರಕ್ತವೂ ಸೊನ್ನೆ ಆಗುವುದು ಬೇಡ. ಮನುಷ್ಯರು ಬದಲಾಗುತ್ತಾರೆ, ಬಾಟಲಿಯನ್ನೇ ತರಿಸಿ. ವೈದ್ಯರಲ್ಲೂ ಒಂದು ವಿನಂತಿ. ರಕ್ತಪರೀಕ್ಷೆ ಒಂದು ಸಾಕ್ಷಿ, ತೀರ್ಪಲ್ಲ. ಮುಂದೆ ಕೂತವರು ಸೀನುತ್ತಿದ್ದರೆ ಕಾಗದ ಕೆಳಗಿಟ್ಟು ಅವರ ಮುಖ ನೋಡಿ.

ಅಧ್ಯಕ್ಷರೇ, ನಿಮ್ಮ ಮುಂದೆ ನೀರಿನ ಲೋಟದ ಪಕ್ಕದಲ್ಲಿ ಒಂದು ನೀಲಿ ಫೈಲಿದೆ. ಸನ್ಮಾನಪತ್ರ ಎಂದು ನೀವು ಅಂದುಕೊಂಡಿರಬಹುದು. ಅಲ್ಲ, ನಾನೇ ಇಟ್ಟದ್ದು. ಒಳಗೆ ಎರಡೇ ಹಾಳೆ. ಒಂದು, ಮುನ್ನೂರ ಹದಿನೇಳು ಜನರನ್ನೂ ಕರೆದು ಮತ್ತೆ ಪರೀಕ್ಷೆ ಮಾಡಬೇಕು ಎಂಬ ಆದೇಶ. ಅವರಿಗೆ ಕಳಿಸುವ ಪತ್ರಗಳಿಗೆಲ್ಲ ನಾನು ಸಹಿ ಮಾಡಿ ಮುಗಿಸಿದ್ದೇನೆ. ಇನ್ನೊಂದು, ನನ್ನ ತಮ್ಮನ ತಿದ್ದಿದ ವರದಿ. ಅದು ಐದರೊಳಗೆ ಸಿದ್ಧವಾದರೆ ರೈಲ್ವೆ ಡಾಕ್ಟರು ಇವತ್ತೇ ತೆಗೆದುಕೊಳ್ಳುತ್ತಾರೆ, ಮಾತಾಡಿದ್ದೇನೆ. ಎರಡರಲ್ಲೂ ನನ್ನ ಸಹಿ ಇದೆ, ಪಕ್ಕದಲ್ಲಿ ಖಾಲಿ ಜಾಗ ಇದೆ. ಪೆನ್ನು ಫೈಲಿನೊಳಗೇ ಇದೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡರು. ಓದುತ್ತಿದ್ದಾರೆ. ಓದಲಿ, ಯಾರೂ ಅವಸರ ಮಾಡಬೇಡಿ. ಆ ಹೊತ್ತಿನಲ್ಲಿ ನಾನು ವಂದನೆ ಮುಗಿಸುತ್ತೇನೆ. ಇಷ್ಟು ವರ್ಷ ನನ್ನ ಬಿಗಿ ಮಾತನ್ನು ಸಹಿಸಿಕೊಂಡ ಒಡನಾಡಿಗಳಿಗೆ, ಹೆದರದೆ ತೋಳು ಚಾಚಿದ ಈ ಊರಿನ ಜನರಿಗೆ, ಬೆಳಗಿನಿಂದ ಕುರ್ಚಿ ಜೋಡಿಸಿದ ವಾರ್ಡಿನ ಅಣ್ಣಂದಿರಿಗೆ, ಉಸಿರು ಬಿಗಿ ಹಿಡಿದೇ ಇರುವ ಎಕ್ಸ್‌ರೇಯವರಿಗೆ, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನಮ್ಮ ಯಜಮಾನರಿಗೆ. ರೀ, ತಲೆ ಎತ್ತಿ. ಸಭೆ ಮುಗಿದ ಮೇಲೆ ಕಾಗದವನ್ನು ರೈಲ್ವೆ ಡಾಕ್ಟರಿಗೆ ಮುಟ್ಟಿಸಿ, ಅಲ್ಲಿಂದ ಹಳಿಯ ಹತ್ತಿರ ಹೋಗುವವರು ನೀವೇ.

ಮೊದಲ ಹಾಳೆಗೆ ಸಹಿ ಬಿತ್ತು.

ದಯವಿಟ್ಟು, ಚಪ್ಪಾಳೆ ಬೇಡ. ಈಗಲೇ ಬೇಡ. ಅಧ್ಯಕ್ಷರು ಎರಡನೇ ಹಾಳೆ ತೆಗೆದಿದ್ದಾರೆ. ಅದು ನನ್ನ ತಮ್ಮನದು, ಅವರ ಕೈ ಅಲುಗಬಾರದು.

ನಮಸ್ಕಾರ.